ಎಂಟನೇ ಮಹಡಿಯ ತಾಡಪತ್ರಿ

ಬೆಳಗ್ಗೆ ಏಳಕ್ಕೇ ಮುಂಬೈಯ ದಹಿಸರ್‌ನ ಗಾಳಿ ಒದ್ದೆ ಬಟ್ಟೆಯಂತೆ ಮೈಗೆ ಅಂಟುತ್ತಿತ್ತು. ಬಂಡೆಪ್ಪ ಕಟ್ಟಡದ ಸೈಟಿನ ಮೆಟ್ಟಿಲ ಮೇಲೆ ಕೂತು ಮಗಳ ವಾಯ್ಸ್ ಮೆಸೇಜ್ ಕೇಳಿದ. ರಂಜನಾ ಅಂಧೇರಿಯ ಆಫೀಸೊಂದರಲ್ಲಿ ಕೆಲಸಕ್ಕಿದ್ದಳು. ಲೋಕಲ್ ರೈಲು ಹತ್ತುವ ಮೊದಲು ಅಪ್ಪನಿಗೆ ಹವಾಮಾನ ಓದಿ ಹೇಳುವುದು ಈ ಬೇಸಿಗೆಯಲ್ಲಿ ಅವಳ ನೇಮವಾಗಿತ್ತು.

"ಪಪ್ಪಾ, ಇವತ್ತ ಥರ್ಟಿ ಎಯ್ಟ್ ಅದ, ಲೇಕಿನ್ ಫಾರ್ಟಿ ಸಿಕ್ಸ್ ಥರ ಅನಸ್ತದಂತ. ಮಧ್ಯಾಹ್ನದ ಮ್ಯಾಲೆ ಅಲ್ಲಲ್ಲಿ ಗುಡುಗು, ಮಳಿ, ಜೋರ್ ಗಾಳಿ. ಯೆಲ್ಲೋ ಅಲರ್ಟ್. ತಾಡಪತ್ರಿ ಇಳಸ್ರಿ, ಪ್ಲೀಸ್."

ಮೂರು ದಿನದಿಂದ ಇದೇ ಮಾತು. ಮೂರು ದಿನವೂ ಒಂದು ಹನಿ ಬಿದ್ದಿರಲಿಲ್ಲ.

ಬಂಡೆಪ್ಪ ಸರಳು ಕಟ್ಟುವ ಹದಿನಾಲ್ಕು ಜನರ ಮುಕಾದಮ, ಅವರ ಮೇಸ್ತ್ರಿ. ಎಲ್ಲರೂ ವಿಜಯಪುರದ ಇಂಡಿ ಕಡೆಯವರು. ಎಂಟನೇ ಮಹಡಿಯ ಸ್ಲ್ಯಾಬಿಗೆ ಕಬ್ಬಿಣ ಹೆಣೆಯುವ ಕೆಲಸ ಬಯಲಿನಲ್ಲೇ ಆಗಬೇಕು. ಬಿಸಿಲಿಗೆ ಕಾದ ಸರಳು ಮುಟ್ಟಿದರೆ ಬೊಬ್ಬೆ ಏಳುತ್ತದೆ. ಅದಕ್ಕೇ ಮೇಲೆದ್ದ ಕಂಬದ ಸರಳುಗಳಿಗೆ ನಾಲ್ಕು ಮೂಲೆಯಲ್ಲಿ ಹಗ್ಗ ಬಿಗಿದು ನೆರಳಿಗೆಂದು ದೊಡ್ಡದೊಂದು ಟಾರ್ಪಾಲಿನ್ ತಾಡಪತ್ರಿ ಕಟ್ಟಿಕೊಂಡಿದ್ದರು. ಸೂಪರ್‌ವೈಸರ್‌ನನ್ನು ಕೇಳಿದರೆ ನೆರಳು ಸಿಗುತ್ತಿರಲಿಲ್ಲ, ಉಪದೇಶ ಸಿಗುತ್ತಿತ್ತು. ಮುಂಜಾನೆ ಬೇಗ ಶುರು ಮಾಡಿ ಮಧ್ಯಾಹ್ನ ಬಿಡುತ್ತೇವೆ ಎಂದಿದ್ದಕ್ಕೆ, ಪಕ್ಕದ ಬಿಲ್ಡಿಂಗಿನವರು ಮಲಗಿರುತ್ತಾರೆ, ಸದ್ದು ಮಾಡಬೇಡಿ ಎಂದಿದ್ದ. ಅವರ ನಿದ್ದೆಯೇನೋ ನಿದ್ದೆ, ಇವರ ಜೀವ ಮಾತ್ರ ಪುಕ್ಕಟೆ.

ನಿನ್ನೆ ಬಂಡೆಪ್ಪ ಮಗಳ ಮಾತು ಕೇಳಿ ಹನ್ನೆರಡಕ್ಕೇ ತಾಡಪತ್ರಿ ಇಳಿಸಿದ್ದ. ಮಳೆ ಬರಲಿಲ್ಲ. ಮೂರರ ಹೊತ್ತಿಗೆ ಅವನ ಅಣ್ಣ ಬಸವಂತಪ್ಪ, ಕುಕ್ಕರಗಾಲಲ್ಲಿ ಕೂತು ತಂತಿ ಬಿಗಿಯುತ್ತಿದ್ದವನು, ಹಾಗೇ ಮಗ್ಗುಲಿಗೆ ಉರುಳಿದ. ಮೈ ಕಾದ ಹೆಂಚಾಗಿತ್ತು, ಬೆವರೇ ಇರಲಿಲ್ಲ, ಸತ್ತ ಅವ್ವನ ಜೊತೆ ಏನೋ ಮಾತಾಡುತ್ತಿದ್ದ. ಸಲೈನ್ ಏರಿಸಿದ ಡಾಕ್ಟರು, ಇನ್ನೊಮ್ಮೆ ಹೀಗಾದರೆ ಉಳಿಯುವುದು ಕಷ್ಟ ಎಂದು ಕಡ್ಡಿ ಮುರಿದಂತೆ ಹೇಳಿದ್ದರು.

ಇವತ್ತು ಮನೆಯಲ್ಲಿರು ಎಂದರೆ ಬಸವಂತಪ್ಪ ಕೇಳಲಿಲ್ಲ. "ಆ ತಗಡಿನ ಖೋಲಿಯಾಗ ಬೇಯೂದಕ್ಕಿಂತ ಮ್ಯಾಲೆ ಗಾಳಿಯರ ಬರ್ತದ," ಎಂದು ಎದ್ದು ಬಂದಿದ್ದ. ಹೊರಡುವಾಗ ಅವನ ಹೆಂಡತಿ ರುದ್ರವ್ವ ಚಾಳಿನ ಬಾಗಿಲಲ್ಲಿ ನಿಂತು ಬಂಡೆಪ್ಪನ ಮುಖವನ್ನೇ ನೋಡಿದ್ದಳು.

"ಅವನ್ನ ಬಿಸಿಲಿಗೆ ಬಿಡಂಗಿಲ್ಲ ವೈನಿ," ಎಂದು ಬಂಡೆಪ್ಪ ಮಾತು ಕೊಟ್ಟಿದ್ದ.

ಆ ಮಾತು ಉಳಿಸಿಕೊಳ್ಳಲೆಂದೇ ಅವನು ಇವತ್ತು ತಾಡಪತ್ರಿ ಇಳಿಸಲಿಲ್ಲ. ಅವನಿಗೂ ಒಂದು ಧೈರ್ಯವಿತ್ತು. ಇಪ್ಪತ್ತೆರಡು ವರ್ಷ ಮುಂಬೈಯ ಮಳೆ ಕಂಡವನು. ಮಳೆ ಬರುವುದು ಸಮುದ್ರದಿಂದ. ಎಂಟನೇ ಮಹಡಿಯಿಂದ ಪಡುವಣ ದಿಕ್ಕು ಕಣ್ಣು ಹಾಯುವಷ್ಟೂ ತೆರೆದಿತ್ತು. ಅಲ್ಲಿ ಕಪ್ಪಾದರೆ ಕಾಲು ಗಂಟೆ ಸಿಗುತ್ತದೆ, ನಾಲ್ಕು ಗಂಟು ಬಿಚ್ಚಲು ಅಷ್ಟು ಸಾಕು. ಗಳಿಗೆಗೊಮ್ಮೆ ಎದ್ದು ಆ ಕಡೆ ನೋಡುತ್ತಿದ್ದ. ಆಕಾಶ ಬೆಳ್ಳಗಿತ್ತು.

ಜೂನಿನ ಮಳೆಗೆ ಈ ಲೆಕ್ಕ ಸರಿ. ಆದರೆ ಇದು ಮೇ ತಿಂಗಳು. ಮೇ ತಿಂಗಳ ಗುಡುಗು ಏಳುವುದು ಮೂಡಣದ ಗುಡ್ಡಗಳ ಹಿಂದೆ. ಆ ಕಡೆಗೆ ಇಪ್ಪತ್ತು ಮಹಡಿಯ ಟವರ್ ಅಡ್ಡ ನಿಂತಿತ್ತು. ಅತ್ತ ಯಾರೂ ನೋಡಲಿಲ್ಲ, ನೋಡಿದ್ದರೂ ಗೋಡೆಯೇ ಕಾಣುತ್ತಿತ್ತು.

"ನೀರು ಕುಡಿ ಅಣ್ಣಾ."

"ಎಷ್ಟ್ ಕುಡಸ್ತೀಯೋ ತಮ್ಮಾ, ಹೊಟ್ಟಿ ಹಂಡೆ ಆಗೇದ," ಎಂದು ಬಸವಂತಪ್ಪ ನಕ್ಕ. ಅವನ ಹಣೆಯ ಮೇಲೆ ಬೆವರಿತ್ತು. ಆ ಬೆವರು ನೋಡಿ ಬಂಡೆಪ್ಪನಿಗೆ ಸಮಾಧಾನವಾಯಿತು. ಸೆಕೆಗೆ ಎಲ್ಲರೂ ಸೊಂಟದ ಸೇಫ್ಟಿ ಬೆಲ್ಟ್ ಬಿಚ್ಚಿಟ್ಟಿದ್ದರು. ಬೇಡ ಎನ್ನಲು ಅವನಿಗೂ ಮನಸ್ಸು ಬರಲಿಲ್ಲ.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಬೆಳಕು ಮಂಕಾಯಿತು. ಬಂಡೆಪ್ಪ ಪಡುವಣಕ್ಕೆ ನೋಡಿದ. ಅಲ್ಲಿ ಬಿಸಿಲೇ ಇತ್ತು. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಗಾಳಿ ನುಗ್ಗಿತು. ತಾಡಪತ್ರಿ ಉಬ್ಬಿ ಮೇಲೆದ್ದಿತು, ಎರಡು ಮೂಲೆಯ ಹಗ್ಗ ಒಟ್ಟಿಗೇ ಹರಿದವು, ಮೂರನೆಯದು ಕಂಬದಿಂದ ಕಳಚಿತು. ಆಳುಗಳು ಸರಳು ಹಿಡಿದು ಬೋರಲು ಬಿದ್ದರು.

ಬಸವಂತಪ್ಪ ಮಾತ್ರ ಎದ್ದ. "ಕೆಳಗ ರಸ್ತಾ ಅದ, ಮಂದಿ ಮ್ಯಾಲೆ ಬೀಳ್ತದ," ಎನ್ನುತ್ತ ಗಾಳಿಗೆ ಹೊಯ್ದಾಡುತ್ತಿದ್ದ ಹಗ್ಗ ಹಿಡಿದ. ಊರಲ್ಲಿ ಹರೆಯದಲ್ಲಿ ಎಷ್ಟೋ ಸೊಕ್ಕಿದ ಎತ್ತು ತಡೆದ ಕೈ ಅದು. ಹಗ್ಗ ಸಿಕ್ಕಿದ್ದೇ ತಡ, ಆ ಕೈ ತನ್ನಷ್ಟಕ್ಕೆ ಅದನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿತು. ಆಗಲೇ ನಾಲ್ಕನೆಯ ಮೂಲೆಯೂ ಕಿತ್ತುಬಂತು.

"ಬಿಡು ಅಣ್ಣಾ, ಹಗ್ಗ ಬಿಡು," ಎಂದು ಕೂಗುತ್ತ ಬಂಡೆಪ್ಪ ಅಂಬೆಗಾಲಲ್ಲಿ ಧಾವಿಸಿದ. ಬಿಡಲು ಅಣ್ಣನಿಗೂ ಮನಸ್ಸಿತ್ತು. ಇನ್ನೊಂದು ಕೈಯಿಂದ ಸುತ್ತು ಬಿಚ್ಚಲು ತಡಕಾಡುತ್ತಲೇ ಅವನು ಅಂಚಿನವರೆಗೆ ಜಾರಿದ. ಬಂಡೆಪ್ಪನಿಗೆ ಸಿಕ್ಕಿದ್ದು ಅವನ ಒಂದು ಚಪ್ಪಲಿ.

ಮಳೆ ಹತ್ತೇ ನಿಮಿಷ ಬಂತು. ಅದು ನಿಲ್ಲುವಷ್ಟರಲ್ಲಿ ಎಲ್ಲರೂ ಕೆಳಗಿದ್ದರು, ಅಣ್ಣನ ಉಸಿರು ನಿಂತಿತ್ತು. ಪೊಲೀಸರು ಬರುವವರೆಗೆ ಮುಚ್ಚಲು ಬೇರೆ ಬಟ್ಟೆ ಸಿಗದೆ, ಆಳುಗಳು ಅದೇ ತಾಡಪತ್ರಿಯನ್ನು ಮಡಚಿ ಮೇಲೆ ಹೊದಿಸಿದರು. ಅಷ್ಟರಲ್ಲೇ ಮತ್ತೆ ಬಿಸಿಲು ಬಂದು ನೆಲದಿಂದ ಹಬೆ ಏಳತೊಡಗಿತು. ಬಂಡೆಪ್ಪನ ಫೋನ್ ರಿಂಗಾಯಿತು.

"ಪಪ್ಪಾ, ಅಂಧೇರಿಯಾಗ ಒಂದ್ ಬೂಂದ್ ಭೀ ಬರಲಿಲ್ಲ. ಸಾರಿ, ಇವತ್ತೂ ನಿಮಗ ಖಾಲಿ-ಪೀಲಿ ಹೆದರಿಸಿದೆ. ತಾಡಪತ್ರಿ ಇಳಸಿದ್ರೇನು? ದೊಡ್ಡಪ್ಪ ಬಿಸಿಲಾಗ ಇಲ್ಲ ನಾ?"

ಬಂಡೆಪ್ಪ ಬಗ್ಗಿ, ತಾಡಪತ್ರಿಯ ಹೊರಗೆ ಉಳಿದಿದ್ದ ಅಣ್ಣನ ಬರಿಗಾಲನ್ನು ಒಳಗೆ ಸರಿಸಿದ.

"ಇಲ್ಲವ್ವ," ಅಂದ. "ನೆರಳಾಗ ಅದಾನ."