ಮೂರನೆಯ ಸೀಗಡಿ

ಅಜ್ಜಿ ಹೇಳುವ ಧಾಟಿಯಲ್ಲೇ ಶುರುಮಾಡುವುದಾದರೆ, ಗಾಜಿನ ಗೋಡೆಯ ಒಂದು ನೀರಿನ ರಾಜ್ಯವಿತ್ತು. ಅಲ್ಲೊಬ್ಬ ರಾಜ. ಮೈಗಿಂತ ಉದ್ದವಾದ ಎರಡು ನೀಲಿ ತೋಳು, ತೋಳಿನ ತುದಿಗೆ ಇಕ್ಕಳ. ಅವನು ಮೂಲೆಯ ಕೊಳವೆಯಲ್ಲಿ ಸುಮ್ಮನೆ ಕೂತಿದ್ದರೂ ಸಾಕು, ರಾಜ್ಯದ ಚಿಕ್ಕ ಗಂಡುಗಳೆಲ್ಲ ಇದ್ದಷ್ಟೇ ಇರುತ್ತಿದ್ದವು. ಹೊಟ್ಟೆ ಬಿರಿಯ ತಿಂದರೂ ಬೆಳೆಯುತ್ತಿರಲಿಲ್ಲ. ಒಂದು ದಿನ ಆಕಾಶದಿಂದ ಬಲೆಯೊಂದು ಇಳಿದು ರಾಜನನ್ನು ಎತ್ತಿಕೊಂಡು ಹೋಯಿತು.

ಬಲೆ ಹಿಡಿದವಳು ಪುಟ್ಟಿಯ ಅತ್ತಿಗೆ.

ರಾಜ್ಯವಿದ್ದದ್ದು ಸಂಶೋಧನಾ ಕೇಂದ್ರದ ನೆಲಮಾಳಿಗೆಯಲ್ಲಿ. ಸದಾ ಒದ್ದೆ ನೆಲ, ಗಾಳಿಯೂದುವ ಪಂಪಿನ ಗುಳುಗುಳು, ಎಷ್ಟು ಸೋಪು ಹಚ್ಚಿದರೂ ಅಂಗೈ ಬಿಟ್ಟುಹೋಗದ ಸೀಗಡಿ ವಾಸನೆ. ದೊಡ್ಡದಾಗುವುದಕ್ಕೆ ಬೇಕಾದ ಜೀನ್‌ಗಳು ಚಿಕ್ಕ ಗಂಡು ಸೀಗಡಿಗಳಲ್ಲೂ ಇವೆ, ರಾಜ ಎದುರಿಗಿರುವಾಗ ಅವು ಮಲಗಿರುತ್ತವೆ. ಅವನು ಹೋದ ಮೇಲೆ ಮೊದಲು ಎದ್ದು ಕೂರುವುದು ಯಾವುದು? ಇದು ಅತ್ತಿಗೆಯ ಪ್ರಶ್ನೆ. ಉತ್ತರ ಸಿಗುವುದು ಬೆಳೆಯಲೆಂದು ಸೀಗಡಿ ಹಳೆಯ ಚಿಪ್ಪು ಕಳಚಿದ ಕೂಡಲೇ ಕತ್ತರಿಸಿ ತೆಗೆದ ಮಾಂಸದ ಚೂರಿನಲ್ಲಿ ಮಾತ್ರ. ತಡವಾದರೆ ಜೀನ್‌ಗಳು ಏನು ಮಾಡುತ್ತಿದ್ದವೆಂಬ ಗುರುತೇ ಅಳಿಸಿಹೋಗುತ್ತದೆ. ಇಂಥ ಮೂರು ತೊಟ್ಟಿ, ತೊಟ್ಟಿಗೊಂದರಂತೆ ಮೂರು ಸೀಗಡಿ, ಮೂರು ಚೂರು. ಎರಡು ಆಗಿದ್ದವು. ಮೂರನೆಯದು ಇವತ್ತೋ ನಾಳೆಯೋ ಎನ್ನುವಾಗ ಅತ್ತಿಗೆಗೆ ದೂರದ ಸಮ್ಮೇಳನದಲ್ಲಿ ಮಾತಾಡಲು ಕರೆ ಬಂತು.

"ಪುಟ್ಟೀ, ನೀನು ನೋಡ್ಕೊತೀಯ ಅಲ್ವಾ?" ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅವಳು ಕೇಳಿದ್ದಳು. "ಬೆನ್ನ ಹತ್ರ ಸೀಳು ಬಿಟ್ಟ ತಕ್ಷಣ ಜಾಲರಿ ಇಳಿಸ್ಬಿಡು. ಇಲ್ದಿದ್ರೆ ಬೇರೆಯವು ಬಂದು ಮುಕ್ಕಿಬಿಡ್ತವೆ."

"ನಂಗೆ ಗೊತ್ತಿಲ್ವಾ? ನಿಂಗೆ ಸೀಗಡಿ ಹಿಡಿಯೋದು ಹೇಳ್ಕೊಟ್ಟಿದ್ದು ಯಾರು?"

"ಏ, ಅತ್ತಿಗೆಗೆ ಹಾಗೆಲ್ಲ ಎದುರು ಮಾತಾಡ್ತಾರೇನೇ?" ಒಳಗಿನಿಂದ ಅಮ್ಮನ ದನಿ.

"ಮಾಡ್ತೀನಿ ಅಂದ್ನಲ್ಲ! ಮಾತು ಕೊಟ್ಟಾಯ್ತು, ಹೊರಡು."

ಎದುರು ಮಾತಂತೆ. ಇವಳೊಂದಿಗೆ ಒಂದೇ ಬೆಂಚಿನಲ್ಲಿ ಕೂತು, ಒಂದೇ ಡಬ್ಬಿಯಲ್ಲಿ ಉಂಡು, "ಲೇ ಕೋತಿ" ಎಂದು ಕರೆದದ್ದು ನಿನ್ನೆ ಮೊನ್ನೆಯ ಹಾಗಿದೆ. ಲ್ಯಾಬಿಗೆ ಕರೆತಂದವಳೂ ಪುಟ್ಟಿಯೇ, ಮನೆಗೆ ಕರೆತಂದವಳೂ ಪುಟ್ಟಿಯೇ. ಅಣ್ಣ ಒಂದು ಸಲ ಟೀ ತಂದುಕೊಟ್ಟ, ಎರಡನೇ ಸಲ ಟೀಗೆ ಸಕ್ಕರೆ ಸಾಕಾ ಅಂತ ಕೇಳಿದ, ಅಲ್ಲಿಗೆ ಮುಗಿಯಿತು. ಮದುವೆಯಾದ ಮರುದಿನವೇ ಕೋತಿ ಅತ್ತಿಗೆಯಾದಳು. ಮನೆಯವರು ಮಾತ್ರ ಕರೆಯುತ್ತಿದ್ದ "ಪುಟ್ಟಿ" ಅವಳ ಬಾಯಿಗೂ ಹತ್ತಿತು. ಈಗ ಮನೆಯಲ್ಲಿ ಅಮ್ಮ ಅವಳನ್ನು ತಲೆ ಮೇಲೆ ಕೂರಿಸಿಕೊಂಡಿದ್ದಾಳೆ, ಲ್ಯಾಬಿನಲ್ಲಿ ಮುಖ್ಯಸ್ಥೆ ಮೇಡಂ. ಇಬ್ಬರ ತಲೆಯಿಂದಲೂ ಅವಳು ಕೆಳಗಿಳಿದದ್ದನ್ನು ಪುಟ್ಟಿ ಕಂಡಿಲ್ಲ.

ಪುಟ್ಟಿಯ ಸ್ವಂತ ಕೆಲಸ ಹೆಣ್ಣು ಸೀಗಡಿಗಳ ಮೊಟ್ಟೆಯ ಮೇಲೆ. ಎರಡು ವರ್ಷದಿಂದ ಜೀನ್ ಓದುವ ಯಂತ್ರಕ್ಕೆ ಹಾಕಿದ್ದೆಲ್ಲ ಕಸವಾಗಿ ಹೊರಬಂದಿದೆ. "ನಿನ್ನ ಅತ್ತಿಗೇನ ಕೇಳ್ಬಾರ್ದಾ? ಅವಳ ಕೈಗುಣ ಚೆನ್ನಾಗಿದೆ," ಎಂದು ಮೇಡಂ ಮೊನ್ನೆ ಅಂದಾಗ ಪುಟ್ಟಿ ನಕ್ಕಳು. ನಕ್ಕ ಬಾಯಿ ಹಾಗೇ ನಿಂತು ದವಡೆ ನೋವು ಬಂತು.

ಅತ್ತಿಗೆ ಹೋದ ಮೇಲೆ ಪುಟ್ಟಿ ಸ್ಟೂಲು ಹಾಕಿಕೊಂಡು ತೊಟ್ಟಿಯೆದುರು ಕೂತಳು. ರಾಜನ ಜಾಗಕ್ಕೆ ಏರಬೇಕಿದ್ದ ಹೊಸ ಯುವರಾಜ, ಅಂದರೆ ಆ ಮೂರನೆಯ ಸೀಗಡಿ, ಚಿಪ್ಪು ಕಳಚುವ ಮುನ್ಸೂಚನೆಯಾಗಿ ಎರಡು ದಿನದಿಂದ ಊಟ ಬಿಟ್ಟಿದ್ದ. ಅಜ್ಜಿಯ ಕಥೆಗಳಲ್ಲಿ ಚರ್ಮ ಬಿಚ್ಚಿಟ್ಟು ಚೆಲುವರಾಗುವವರು ಬೇಕಾದಷ್ಟಿದ್ದರು. ಬಿಚ್ಚುವಾಗ ನೋವಾಗುತ್ತದಾ ಅಂತ ಕೇಳಿದರೆ ಅಜ್ಜಿ, "ನೀನು ಅಡ್ಡ ಬಾಯಿ ಹಾಕ್ಬೇಡ, ಕಥೆ ದಾರಿ ತಪ್ಪುತ್ತೆ," ಎನ್ನುತ್ತಿದ್ದಳು.

ಮೂರನೆಯ ದಿನ ಮಧ್ಯಾಹ್ನ ಯುವರಾಜನ ತಲೆಯ ಚಿಪ್ಪು ಬೆನ್ನಿಗೆ ಕೂಡುವಲ್ಲಿ ಕೂದಲೆಳೆಯಷ್ಟು ಸೀಳು ಕಾಣಿಸಿತು.

ಪುಟ್ಟಿ ಎದ್ದಳು. ಜಾಲರಿಯ ಹಗ್ಗದ ಮೇಲೆ ಕೈಯಿಟ್ಟಳು. ಆಮೇಲೆ ಕೈ ತೆಗೆದಳು.

ಟೀಗೆ ಹೋಗಿದ್ದೆ ಅಂದರಾಯಿತು. ಟೀ ಕುಡಿಯಬಾರದು ಅಂತ ಯಾರ ಅಪ್ಪಣೆಯೂ ಇಲ್ಲ. ಬರುವಷ್ಟರಲ್ಲಿ ಆಗಿಹೋಗಿತ್ತು ಅತ್ತಿಗೆ, ಏನು ಮಾಡಲಿ? ತೊಟ್ಟಿ ತುಂಬಿಸಿ, ಮರಿ ಬಿಟ್ಟು, ರಾಜನೊಬ್ಬ ತಯಾರಾಗಿ, ಎಲ್ಲ ಮೊದಲಿನಿಂದ. ಆರು ತಿಂಗಳು. ಆ ಆರು ತಿಂಗಳು ಊಟಕ್ಕೆ ಕೂತಾಗ ಮನೆಯಲ್ಲಿ ಬೇರೆ ಏನಾದರೂ ಮಾತು ಕೇಳಬಹುದು.

ಕ್ಯಾಂಟೀನಿನಲ್ಲಿ ಟೀ ಬಂದು ಕೂತಿತು. ಅದರ ಜೊತೆಗೇ ಅಮ್ಮನ ಫೋನು.

"ಪುಟ್ಟೀ, ಭಾಷಣ ಆಯ್ತಂತೆ ಕಣೇ! ಎದ್ದು ನಿಂತು ಚಪ್ಪಾಳೆ ಹೊಡೆದ್ರಂತೆ. ನಿನ್ನ ಅಣ್ಣ ಎರಡು ಸಲ ಫೋನ್ ಮಾಡಿ ಅದನ್ನೇ ಹೇಳ್ದ."

"ಒಂದು ಸಲ ಸಾಕಾಗ್ಲಿಲ್ವಂತಾ?"

"ಏನಂದೆ?"

"ಏನಿಲ್ಲ. ಟೀ ಬಿಸಿ ಇದೆ ಅಂದೆ."

"ನಿನ್ನ ಸೀಗಡಿ ಏನಾಯ್ತು? ನಿನ್ನ ಅತ್ತಿಗೇನ ಕೇಳ್ದೆ, ಪುಟ್ಟಿ ಕೈಲಿ ಆಗ್ದೇ ಹೋದ್ರೆ ಏನಮ್ಮ ಗತಿ ಅಂತ."

"ನನ್ನ ಕೈಲಿ ಯಾಕಮ್ಮ ಆಗಲ್ಲ?"

"ಅಯ್ಯೋ, ಕೇಳು ಇಲ್ಲಿ. ಅದಕ್ಕೆ ಅವಳೇನಂದ್ಲು ಗೊತ್ತಾ? ಆಗ್ದಿದ್ರೂ ಅವಳನ್ನ ಏನೂ ಅನ್ಬೇಡಿ ಅತ್ತೆ, ನಾನೇ ಬಂದು ಮೊದಲಿಂದ ಮಾಡ್ಕೊತೀನಿ, ಪಾಪ ಅವಳಿಗೆ ಅವಳ ಕೆಲಸವೇ ಕೈ ಹತ್ತುತ್ತಿಲ್ಲ ಅಂತ. ಆರು ತಿಂಗಳ ಕೆಲಸ ಕಣೇ! ಇನ್ನೊಬ್ಬಳಾಗಿದ್ರೆ ಕುಣಿದುಬಿಡ್ತಿದ್ಲು. ನಾನು ಅಕ್ಕಪಕ್ಕದವರಿಗೆಲ್ಲ ಹೇಳ್ದೆ, ಎಂಥ ದೊಡ್ಡ ಮನಸ್ಸು ನನ್ನ ಸೊಸೇದು ಅಂತ."

ಪುಟ್ಟಿ ಟೀ ಲೋಟವನ್ನು ದೂರ ತಳ್ಳಿದಳು. ಸೀಗಡಿ ಹಾಳಾದರೆ ಹೊಗಳಿಕೆ ನಿಲ್ಲುತ್ತದೆಂದು ಅವಳು ಎಣಿಸಿದ್ದಳು. ನಿಲ್ಲುವುದೆಲ್ಲಿಂದ ಬಂತು! ಹಾಳಾದರೆ ಅತ್ತಿಗೆ ಕ್ಷಮಿಸುತ್ತಾಳೆ. ಕ್ಷಮಿಸಿ ಇನ್ನಷ್ಟು ದೊಡ್ಡವಳಾಗುತ್ತಾಳೆ. ಪಾಪದ ಪುಟ್ಟಿಯ ತಲೆ ಸವರುತ್ತಾಳೆ, ಅದೂ ಅಮ್ಮನೆದುರು, ಮೇಡಂ ಎದುರು, ಅಕ್ಕಪಕ್ಕದವರೆದುರು.

"ಪಾಪ ಅಂದ್ಲಾ?"

"ಪ್ರೀತಿಯಿಂದ ಅಂದಿದ್ದು ಕಣೇ. ಹಲೋ? ಪುಟ್ಟೀ?"

ಟೀ ಅಲ್ಲೇ ಉಳಿಯಿತು. ಮೆಟ್ಟಿಲುಗಳನ್ನು ಅವಳು ಇಳಿದಳೋ ಹಾರಿದಳೋ. ಒದ್ದೆ ನೆಲದಲ್ಲಿ ಜಾರಿ, ಗೋಡೆ ಹಿಡಿದು, ತೊಟ್ಟಿಯ ಮುಂದೆ ಬಂದು ನಿಂತಾಗ ಸೀಳು ಬಾಯಿ ತೆರೆದಿತ್ತು. ಯುವರಾಜ ಅರ್ಧ ಹೊರಗೆ, ಅರ್ಧ ಒಳಗೆ. ಕೊಳವೆಯ ಹಿಂದಿನಿಂದ ದಪ್ಪ ಹೆಣ್ಣೊಂದು ಇಕ್ಕಳ ಮುಂದೆ ಮಾಡಿಕೊಂಡು, ಊಟದ ಕರೆ ಬಂದವಳಂತೆ ನಿಧಾನ ನಡೆದು ಬರುತ್ತಿತ್ತು.

"ಏ ಹೋಗೇ! ಇದು ನಂದು!"

ಹಗ್ಗ ಬಿಟ್ಟಳು. ಜಾಲರಿ ಧಡಕ್ಕನೆ ಇಳಿದು ಹೆಣ್ಣಿನ ಮೂಗಿನ ಮುಂದೆಯೇ ನಿಂತಿತು.

ಯುವರಾಜ ಒಮ್ಮೆ ಮೈ ಬಿಲ್ಲಿನಂತೆ ಬಗ್ಗಿಸಿ ಬಾಲ ಒದರಿದ. ಒಂದು ತೋಳು ಹೊರಬಂತು. ಇನ್ನೊಂದು ಹಳೆಯ ಇಕ್ಕಳದ ಒಳಗೆ ಸಿಕ್ಕಿಕೊಂಡು ಬರಲೊಲ್ಲದು. ಪುಟ್ಟಿಯ ಕೈ ನೀರಿಗಿಳಿಯಲು ತವಕಿಸಿತು, ಆದರೆ ಈಗ ಮುಟ್ಟಿದರೆ ತೋಳೇ ಕಳಚಿ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಾದಳು. ಹಳೆಯ ಕೈಗವಸಿನಿಂದ ಬೆರಳು ಎಳೆದುಕೊಂಡಂತೆ ತೋಳು ಮೆಲ್ಲಗೆ ಜಾರಿತು, ಜಾರಿತು, ಪೂರ್ತಿ ಬಂತು. ತನ್ನದೇ ಆಕಾರದ ಖಾಲಿ ಚಿಪ್ಪಿನ ಪಕ್ಕ ಅವನು ಮೆತ್ತಗೆ ಒರಗಿದ. ಮೊದಲಿಗಿಂತ ದೊಡ್ಡವನಾಗಿದ್ದ.

ಈಗ ಅವಸರವಿರಲಿಲ್ಲ, ತಡವೂ ಸಲ್ಲದಾಗಿತ್ತು. ಕೈಗವಸು ಹಾಕಿಕೊಂಡು, ಎರಡೂ ಅಂಗೈಗಳ ಬೊಗಸೆಯಲ್ಲಿ ಅವನನ್ನು ಎತ್ತಿ ತಣ್ಣನೆಯ ತಟ್ಟೆಯಲ್ಲಿಟ್ಟಳು. ಒದ್ದೆ ಬಟ್ಟೆಯಷ್ಟು ಮೆದು. ಅತ್ತಿಗೆಯ ಕೈಗುಣವಂತೆ! ಅತ್ತಿಗೆ ಹಿಡಿದರೆ ಸೀಗಡಿ ಒದ್ದಾಡುತ್ತಿತ್ತು, ಕತ್ತರಿಸಿದ ಅಂಚು ಹರಿದಿರುತ್ತಿತ್ತು. ಪುಟ್ಟಿ ಕತ್ತರಿಯ ತುದಿಯನ್ನು ಹೊಟ್ಟೆಯ ಕೆಳಗಿನ ಈಜುಗಾಲಿನ ಬುಡಕ್ಕೆ ತಂದು ಒಂದೇ ಸಲಕ್ಕೆ ಮುಚ್ಚಿದಳು. ಆ ಕಾಲು ಮುಂದೆ ಚಿಪ್ಪು ಕಳಚಿದಂತೆಲ್ಲ ಮತ್ತೆ ಬೆಳೆಯುತ್ತದೆ. ಯುವರಾಜ ಮಿಸುಕಲೂ ಇಲ್ಲ. ಅವನನ್ನು ಜಾಲರಿಯ ಈಚೆಗೆ ಬಿಟ್ಟಳು.

ಚೂರನ್ನು ಪುಟಾಣಿ ಕೊಳವೆಗೆ ಇಳಿಸಿ ಮುಚ್ಚಳ ತಿರುಗಿಸುತ್ತ, "ಇದಕ್ಕಿಂತ ಚೆನ್ನಾಗಿ ಕತ್ತರಿಸಿ ತೋರಿಸೇ ಕೋತಿ, ನೋಡೋಣ," ಅಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಚೂರು ಕೆಡದಂತೆ ಹೆಪ್ಪುಗಟ್ಟಿಸುವ ದ್ರವ ನೈಟ್ರೋಜನ್ ಡಬ್ಬದ ಮುಚ್ಚಳ ತೆಗೆದಾಗ ಬಿಳಿಯ ಹೊಗೆ ಉಕ್ಕಿ ಮೊಣಕೈವರೆಗೆ ತಣ್ಣಗೆ ಹರಿಯಿತು. ಉದ್ದನೆಯ ಇಕ್ಕಳದ ತುದಿಯಲ್ಲಿ ಹಿಡಿದು, ಮೊದಲೆರಡು ಕೊಳವೆಗಳ ಪಕ್ಕದ ಖಾಲಿ ಗೂಡಿಗೆ ಮೂರನೆಯದನ್ನು ಇಳಿಸಿದಳು.