ಮಂದ್ರದ ಸಾಲಿನಲ್ಲಿ

ಎಳ್ಳು, ಶರಟಿನ ಮೇಲೆಲ್ಲ ಎಳ್ಳು, ಈ ಪಲೆರ್ಮೊದವರು ಬ್ರೆಡ್ಡಿಗೆ ಇಷ್ಟೊಂದು ಎಳ್ಳು ಯಾಕೆ ಮೆತ್ತುತ್ತಾರೋ, ಆರು ದಿನದಿಂದ ಕೊಡವುತ್ತಲೇ ಇದ್ದೇನೆ, ಇವತ್ತು ಕೊನೆ, ಸಂಜೆ ಐದಕ್ಕೆ ವಿಮಾನ, ನಾಳೆ ಕಣ್ಣು ಬಿಟ್ಟರೆ ಉತ್ತರದ ತುದಿಯ ನಮ್ಮ ಕಾರ್ನಿಯಾದ ಬೆಟ್ಟ — ಎದುರಿನ ಕುರ್ಚಿಯಲ್ಲಿ ಯಾರೂ ಇಲ್ಲ, ಎರ್ಮೆಸ್ ಇನ್ನೂ ಕೆಳಗೆ ಬಂದಿಲ್ಲ, ಮೇಲೆ ಹೋಗಿ ನೋಡಿದರೆ ಹಾಸಿಗೆಯಲ್ಲಿ ಮುದುಡಿಕೊಂಡಿದ್ದಾನೆ, ನಿನ್ನೆ ಸಂತೆಯಲ್ಲಿ ಕರುವಿನ ಗುಲ್ಮದ ಮಾಂಸ ತುಂಬಿದ ಬನ್ನು ಒಂದಲ್ಲ ಮೂರು ತಿಂದ, ಬೇಡ ಕಣೋ ಅಂದೆ, ನೀನು ಅಂಚೆಯವನು, ಕಾಗದ ಹಂಚು, ನನ್ನ ಹೊಟ್ಟೆಯ ವಿಳಾಸ ನಿಂಗ್ಯಾಕೆ ಅಂದಿದ್ದ, ಈಗ ಅದೇ ಹೊಟ್ಟೆ ಹಿಡಿದುಕೊಂಡು, ಫೆರೂಚೊ, ನೀನೂ ಹೋಗಬೇಡ, ಕಾಯಿಲೆಯವನನ್ನ ನೋಡ್ಕೋಬೇಕು ಅಂತ ಹೇಳಿಬಿಡು, ಎಲ್ಲಾದ್ರೂ ಹಾಡಿ ಅಂದ್ರೆ ಏನ್ ಮಾಡ್ತೀಯ ಅಂದ. ಶನಿವಾರದ ಕಾರ್ಯಕ್ರಮ ಮುಗಿಯಿತಲ್ಲ, ಇವತ್ತು ಬರೀ ತಿರುಗಾಟ ಅಂದೆ, ನೀರಿನ ಬಾಟಲಿ ಅವನ ತಲೆದೆಸೆಗಿಟ್ಟು ಇಳಿದು ಬಂದೆ.

ನಮ್ಮ ಹಾಡಿನ ತಂಡದ ಹದಿನಾಲ್ಕು ಗಂಡಸರು, ಎಲ್ಲರಿಗೂ ಅರವತ್ತು ದಾಟಿದೆ, ಬಿಸಿಲಲ್ಲಿ ಒಬ್ಬರ ಹಿಂದೊಬ್ಬರು, ಮುಂದೆ ವಿನೀಚೊ, ಹಾಡಿಸುವವನು, ನಡೆಯುವಾಗಲೂ ಅವನ ಬಲಗೈ ತಾಳ ಹಾಕುತ್ತಿರುತ್ತದೆ — ಅವನಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ, ಎರ್ಮೆಸ್‌ಗೆ ಮಾತ್ರ, ಅವನು ನನ್ನ ಪಕ್ಕದಲ್ಲಿ ನಿಲ್ಲುತ್ತಾನೆ, ಪಕ್ಕದವನಿಂದ ಮುಚ್ಚಿಡಲು ಆಗುವುದಿಲ್ಲ. ಕತ್ತಿನ ಗಡ್ಡೆ ತೆಗೆದು ಎರಡು ವರ್ಷ, ಮಾತು ಉಳಿಯುತ್ತೆ, ಹಾಡಿನ ವಿಷಯ ಹೇಳೋಕಾಗಲ್ಲ ಅಂದಿದ್ದರು ಡಾಕ್ಟರು, ಮಾತು ಉಳಿಯಿತು. ಮೊದಲ ಗುರುವಾರದ ಅಭ್ಯಾಸದಲ್ಲೇ ಹೇಳಬೇಕಿತ್ತು, ಹೇಳಲೆಂದೇ ಹೋಗಿದ್ದೆ, ಕೋಟು ಬಿಚ್ಚುವಷ್ಟರಲ್ಲಿ ವಿನೀಚೊ ಕೈ ಎತ್ತಿಬಿಟ್ಟ, ಬಾಯಿ ತೆರೆದೆ, ಏನೂ ಬರಲಿಲ್ಲ, ಎರ್ಮೆಸ್ ಒಮ್ಮೆ ಓರೆಗಣ್ಣಲ್ಲಿ ನೋಡಿ ತನ್ನ ದನಿ ಇಮ್ಮಡಿ ಮಾಡಿದ, ಅಷ್ಟೇ, ಆಮೇಲೆ ಎರಡು ವರ್ಷ ಹಾಗೇ. ಮದುವೆ ಆದವನಲ್ಲ, ಕಾಗದ ಹಂಚುವುದೂ ಮುಗಿದಿದೆ, ವಾರದಲ್ಲಿ ನನಗಿರುವುದು ಒಂದು ಗುರುವಾರ, ಅದನ್ನೂ ಹೇಗೆ ಕೊಟ್ಟುಬಿಡುವುದು. ಮಂದ್ರಕ್ಕೆ, ಕೆಳಗಿನ ದನಿಗೆ, ಮೊದಲು ಮೂವರಿದ್ದೆವು, ಬೆರ್ತೊ ತೀರಿಹೋದ ಮೇಲೆ ಇಬ್ಬರು, ಲೆಕ್ಕಕ್ಕೆ ಇಬ್ಬರು.

ಪುಟ್ಟ ಪ್ರಾರ್ಥನಾ ಮಂದಿರ, ಒಳಗೆ ಕಾಲಿಟ್ಟರೆ ತಂಪು, ಗೋಡೆಯ ತುಂಬ ಬಿಳೀ ಗಾರೆಯ ಮಕ್ಕಳು, ನಗುವವು, ಮುನಿದವು, ಬೆನ್ನು ತೋರಿಸಿ ಕೂತವು, ಬೀಗದ ಕೈ ಹಿಡಿದ ಮುದುಕಿ ನುಂಜಿಯಾ ಮುಚ್ಚುವ ಹೊತ್ತಾಯಿತು ಅನ್ನುತ್ತಾಳೆ, ಇವರೆಲ್ಲ ಹಾಡುವವರು ಅಂತ ಯಾರೋ ಹೇಳಿಬಿಟ್ಟರು, ಬೆಟ್ಟದವರು ನಿಜಕ್ಕೂ ಹಾಡ್ತೀರೋ, ಇಲ್ಲ ಬರೀ ಕುಡೀತೀರೋ, ಹಾಡಿದ್ರೆ ಇನ್ನು ಹತ್ತು ನಿಮಿಷ ಬಾಗಿಲು ತೆರೆದಿಟ್ಟಿರ್ತೀನಿ ಅಂದಳು. ಎಲ್ಲರೂ ನಕ್ಕರು, ನಗುನಗುತ್ತಲೇ ಅರ್ಧಚಂದ್ರವಾಗಿ ನಿಂತರು, ಕಾಲುಗಳಿಗೆ ಅಭ್ಯಾಸ, ನನ್ನವೂ ಹೋಗಿ ಎಡತುದಿಯಲ್ಲಿ ನಿಂತವು, ಕೆಮ್ಮು ಬಂದಿದೆ ಅನ್ನಬಹುದಿತ್ತು, ಹೊರಗೆ ಹೋಗಬಹುದಿತ್ತು, ಆಗಲೇ ವಿನೀಚೊನ ಕೈ ಮೇಲೆದ್ದಿತ್ತು. ಮೊದಲ ಸಾಲು, ಎರಡನೆಯದು, ಬಾಯಿ ಆಡಿಸುತ್ತಿದ್ದೇನೆ, ದನಿಗಳೆಲ್ಲ ಮೇಲೆ ಮೇಲೆ, ಕೆಳಗೆ ಏನೂ ಇಲ್ಲ, ವಿನೀಚೊ ನಿಲ್ಲಿಸಿದ, ಫೆರೂಚೊ, ಎರ್ಮೆಸ್ ಇಲ್ಲ ಅಂತ ನಾಚಿಕೆ ಪಡಬೇಡ, ಗಂಟಲು ಬಿಚ್ಚಿ ಹಾಡು ಅಂದ. ಮತ್ತೆ ಕೈ, ಮತ್ತೆ ಮೊದಲ ಸಾಲು, ಈ ಸಲ ಬಾಯಿ ಆಡಿಸಲೂ ಆಗಲಿಲ್ಲ.

ನನಗೆ ದನಿ ಇಲ್ಲ ವಿನೀಚೊ, ಆಪರೇಷನ್ ಆದಾಗಿಂದ ಇಲ್ಲ, ಅಂದೆ, ಎಷ್ಟು ಸಲೀಸಾಗಿ ಬಂತು, ರಿಜಿಸ್ಟರ್ಡ್ ಕಾಗದಕ್ಕೆ ಇಲ್ಲಿ ಸಹಿ ಹಾಕಿ ಅಂದಷ್ಟು ಸಲೀಸು. ಬಲಗಡೆ ಯಾರೋ ನಕ್ಕು ಅರ್ಧಕ್ಕೇ ನಿಲ್ಲಿಸಿದರು. ವಿನೀಚೊನ ಮುಖದಲ್ಲಿ ಲೆಕ್ಕ ನಡೆಯುತ್ತಿತ್ತು, ಎರಡು ಈಸ್ಟರ್, ಅವನ ಮಗಳ ಮದುವೆ, ಶನಿವಾರ ಎದ್ದು ನಿಂತು ಚಪ್ಪಾಳೆ ತಟ್ಟಿದ ಜನ, ಆಮೇಲೆ ಅವನು ಒಂದೇ ಕೇಳಿದ, ಮೆಲ್ಲಗೆ, ಬೆರ್ತೊನ ಶವಪೆಟ್ಟಿಗೆ ಮುಂದೆ?

ಅಲ್ಲೂ, ಅಂದೆ.

ಬೆರ್ತೊ ಅವನ ಅಣ್ಣ. ವಿನೀಚೊ ಬೈಯಲಿಲ್ಲ, ಬೇರೆ ಕಡೆ ನೋಡಿದ, ಅಮ್ಮಾ, ಒಂದು ದನಿ ಕಮ್ಮಿ ಇದೆ, ಇದ್ದಷ್ಟರಲ್ಲಿ ಹಾಡ್ತೀವಿ ಅಂತ ನುಂಜಿಯಾಗೆ ಹೇಳಿದ, ನಾನು ಸಾಲು ಬಿಟ್ಟು ಬಂದು ಅವಳ ಬೆಂಚಿನಲ್ಲಿ ಕೂತೆ, ಅವಳು ಬೀಗದ ಕೈ ಮಡಿಲಿಗೆಳೆದು ಜಾಗ ಮಾಡಿದಳು. ನಲವತ್ತೊಂದು ವರ್ಷ ಇವರ ನಡುವೆ ನಿಂತಿದ್ದೆ, ಎದುರು ಕೂತು ಕೇಳಿದ್ದು ಇದೇ ಮೊದಲು, ಇಷ್ಟು ಚೆನ್ನಾಗಿ ಹಾಡುತ್ತಾರೆಂದು ಗೊತ್ತಿರಲಿಲ್ಲ, ಚೆನ್ನಾಗಿ ಹಾಡ್ತಾರಲ್ಲ ನಿಮ್ಮವರು ಅಂದಳು ಅವಳು, ಹೂಂ ಅಂದೆ. ಎಡತುದಿಯಲ್ಲಿ ನಾನಿದ್ದ ಜಾಗಕ್ಕೆ ಯಾರೂ ಸರಿದಿರಲಿಲ್ಲ, ಒಬ್ಬ ಗಂಡಸಿನ ಅಗಲದ ತೆರಪು, ತೆರಪಿನ ಹಿಂದೆ ಗೋಡೆ, ಗೋಡೆಯಲ್ಲಿ ಗಾರೆಯ ಮಗುವಿನ ಒಂದು ಪಾದ.

ಬಸ್ಸು ವಿಮಾನ ನಿಲ್ದಾಣದ ದಾರಿಯಲ್ಲಿದೆ, ಒಂದು ಕಡೆ ಸಮುದ್ರ, ಎರ್ಮೆಸ್ ಪಕ್ಕದಲ್ಲಿ ನಿಂಬೆಹೋಳು ಮೂಸುತ್ತಾ, ನಂಗೂ ಗೊತ್ತಿತ್ತು ಅಂತ ನನ್ನ ಹೆಸರು ಹೇಳಿದ್ಯಾ ಅಂತ ಕೇಳುತ್ತಾನೆ, ಇಲ್ಲ ಕಣೋ ಅನ್ನುತ್ತೇನೆ, ಹೇಳಬೇಕಿತ್ತು ಅಂತಾನೆ, ಇಬ್ಬರ ದನಿ ಹಾಡೀ ಹಾಡೀ ನನ್ನ ಗಂಟಲು ಹರಿದುಹೋಗಿದೆ, ಇನ್ನು ಒಬ್ಬನದೇ ಹಾಡ್ತೀನಿ, ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಾನೆ. ವಿನೀಚೊ ಹಿಂದಿನ ಸೀಟಿಂದ ಎದ್ದು ಬಂದು ಸರಳು ಹಿಡಿದು ನಿಂತ, ನನ್ನನ್ನಲ್ಲ, ಕಿಟಕಿಯನ್ನು ನೋಡುತ್ತಾ, ಗುರುವಾರ ಬಾ, ಬಂದು ಎದುರಿಗೆ ಕೂತ್ಕೋ, ಎಲ್ಲೆಲ್ಲಿ ತಪ್ಪುತ್ತೆ ಕೇಳಿ ಹೇಳು, ಸಾಲಿಗೆ ಮಾತ್ರ ಬರಬೇಡ, ಬೆರ್ತೊನ ವಿಷಯ ನಾನಿನ್ನೂ ನುಂಗಿಕೊಂಡಿಲ್ಲ ಅಂದ. ಬರ್ತೀನಿ ಅಂದೆ, ಅವನು ಹೋದ, ಬರ್ತೀನಿ, ಎಂಟಕ್ಕೆ ಶುರು, ಏಳೂವರೆಗೆ ಹೋದರೆ ಕುರ್ಚಿ ಹಾಕಿಕೊಳ್ಳಬಹುದು, ಎರ್ಮೆಸ್ ತನ್ನ ಜಾಗದಲ್ಲಿ ನಿಂತಿರುತ್ತಾನೆ, ಅವನ ಆಚೆಗೆ ಅಭ್ಯಾಸದ ಕೋಣೆಯ ಹಸಿರು ಗೋಡೆ, ಅಲ್ಲಿ ಗಾರೆಯ ಮಕ್ಕಳಿಲ್ಲ, ಆದರೂ ಕಾಣುವುದು ಅದೇ, ಒಬ್ಬ ಗಂಡಸಿನ ಅಗಲದ ತೆರಪು, ಅದರೊಳಗೆ ಪಾದ, ಬಿಳಿ, ಕಿರುಬೆರಳು ಮುರಿದದ್ದು, ತೆರಪು, ಪಾದ