ಸೊಸೆಯ ರೈಫಲ್ಲು, ಯಜಮಾನರ ಸಲಾಕೆ

ನಮ್ಮ ಯಜಮಾನರು ಒಮ್ಮೆ ಮೊಲಕ್ಕೆ ಮೂರೇ ಕಾಲು ಅಂದರೆ ಮುಗಿಯಿತು, ನಾಲ್ಕನೆಯದನ್ನು ಕೈಯಲ್ಲಿ ಹಿಡಿಸಿದರೂ ಒಪ್ಪುವವರಲ್ಲ. ಆಯುಷ್ಯವೆಲ್ಲ ಗೋದಾಮಿನ ಬಾಗಿಲಲ್ಲಿ ಬಂದೂಕು ಹಿಡಿದು ಕಾವಲು ಕಾದವರು. ನಿವೃತ್ತರಾಗಿ ಬಂದೂಕು ಒಪ್ಪಿಸಿ ಬಂದ ಮೇಲೆ ಕೈಗೆ ಕೆಲಸವಿಲ್ಲದೆ, ನನ್ನ ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಸಾಲು ನಿಲ್ಲಿಸತೊಡಗಿದರು. ನನಗೆ ತಲೆ ಚಿಟ್ಟು ಹಿಡಿದುಹೋಯಿತು. ಪುಣ್ಯಕ್ಕೆ, ರೈಫಲ್ ಸ್ಪರ್ಧೆಗಳಿಗೆ ಹೋಗುವ ಹುಡುಗಿಯೇ ನಮಗೆ ಸೊಸೆಯಾಗಿ ಬಂದಳು. ಅವಳು ಅಭ್ಯಾಸ ಮುಗಿಸಿ ಬರುವಷ್ಟರಲ್ಲಿ ಇವರು ಚಾಪೆ ಹಾಸಿ, ಎಣ್ಣೆ, ಬಟ್ಟೆ, ತಮ್ಮ ಕಾಲದ ಮೂರು ತುಂಡಿನ ಉಕ್ಕಿನ ಸಲಾಕೆ ಜೋಡಿಸಿಕೊಂಡು ಕೂತಿರುವರು. ಅವಳ ರೈಫಲ್ಲಿನ ನಳಿಗೆಯೊಳಗೆ ಸಲಾಕೆ ಆಡಿಸಿ ಒರೆಸುವಾಗ ಅವರ ಮುಖ ನೋಡಬೇಕು, ನಮ್ಮ ಮದುವೆಯ ದಿನವೂ ಅಷ್ಟು ಕಳೆ ಇರಲಿಲ್ಲ.

ಈಚೆಗೆ ಸೊಸೆಯ ಗುಂಡುಗಳು ದಾರಿ ತಪ್ಪತೊಡಗಿದವು. ಒಂದೇ ಕಡೆ ಬೀಳಬೇಕಾದವು ಗುರಿಹಲಗೆಯ ತುಂಬ ಚೆಲ್ಲಾಪಿಲ್ಲಿ. ತಂಡದ ಆಯ್ಕೆ ಹತ್ತಿರ ಬರುತ್ತಿತ್ತು. ಹೀಗೇ ಆದರೆ ಅವಳಿಗೆ ಜಾಗವಿಲ್ಲ. ಯಜಮಾನರು ಮೊದಲು ತೋಟಾ ಸರಿಯಿಲ್ಲ ಅಂದರು, ಆಮೇಲೆ ಅವಳ ಕನ್ನಡಕ ಬದಲಾಯಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೊನೆಗೆ ನಳಿಗೆ ಇನ್ನೂ ಚೊಕ್ಕಟವಾಗಬೇಕು ಎಂದು ಎರಡರಷ್ಟು ಉಜ್ಜಿದರು. ಉಜ್ಜುತ್ತ ಉಜ್ಜುತ್ತ ಸಲಾಕೆಯ ನಡುವಿನ ತಿರುಪೇ ಕಿತ್ತುಬಂತು.

"ಬಾಳಿಕೆ ಬರೋ ಅಂಥದ್ದು ತರೋಣ, ನಡೀರಿ," ಅಂದರು. "ನಾನು ಸತ್ತರೂ ಅದು ಸವೀಬಾರದು."

ಸೊಸೆ ರೈಫಲ್ಲಿನ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡಳು. ಮೂವರೂ ಹೊರಟೆವು.

ಬಂದೂಕಿನ ಅಂಗಡಿ ಇಕ್ಕಟ್ಟಾದ ಉದ್ದನೆಯ ಕೋಣೆ, ಹಿಂದುಗಡೆ ಲೇತ್ ಯಂತ್ರ. ರಿಪೇರಿಯನ್ನೂ ತಾನೇ ಮಾಡುವ ಅಂಗಡಿಯವನು ಗಾಜಿನ ಮೇಲೆ ಸಲಾಕೆಗಳನ್ನು ಹರಡಿದ. ಹಿತ್ತಾಳೆಯದು, ತುಂಡು ತುಂಡು ಜೋಡಿಸುವ ಉಕ್ಕಿನದು, ಮೈತುಂಬ ನುಣುಪು ಲೇಪವಿದ್ದ ಒಂದೇ ತುಂಡಿನ ಉದ್ದನೆಯದು. ಯಜಮಾನರ ಕೈ ಸೀದಾ ಮೂರು ತುಂಡಿನದಕ್ಕೆ ಹೋಯಿತು.

"ಇದು ಗಟ್ಟಿ. ಬಿಚ್ಚಿದರೆ ಚೀಲದಲ್ಲೂ ಹಿಡಿಯುತ್ತೆ."

ಸೊಸೆ ಉದ್ದನೆಯದನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು. "ಮಾವನಿಗೆ ಯಾವುದು ಸರಿ ಅನ್ಸುತ್ತೋ ಅದೇ ಇರಲಿ."

"ಏನೇ, ಬಾಯಲ್ಲಿ ಬಿಸಿ ತುಪ್ಪ ಇಟ್ಕೊಂಡಿದ್ದೀಯಾ?" ಅಂದೆ ನಾನು. "ಏನಿದ್ರೂ ಕಡ್ಡಿ ಮುರಿದ ಹಾಗೆ ಹೇಳು."

ಅವಳು ಹೆಗಲ ಮೇಲಿನ ಪೆಟ್ಟಿಗೆಯ ಪಟ್ಟಿ ಸರಿಮಾಡಿಕೊಂಡಳು. ಅಂಗಡಿಯವನೇ ಕೇಳಿದ, "ಸಲಾಕೆ ಯಾವ ಕಡೆಯಿಂದ ಹಾಕ್ತೀರಿ, ಯಜಮಾನರೇ?"

"ಮುಂದಿನಿಂದ, ಬಾಯಿಯ ಕಡೆಯಿಂದ. ಇನ್ನೆಲ್ಲಿಂದ ಹಾಕ್ತಾರೆ? ನಮ್ಮ ಗೋದಾಮಿನ ಬಂದೂಕಿಗೆ ಹಿಂದೆ ದಾರಿನೇ ಇರಲಿಲ್ಲ."

ಅವನು ಪೆಟ್ಟಿಗೆ ಬಿಚ್ಚಿಸಿ, ರೈಫಲ್ ಖಾಲಿಯಿದೆಯೆಂದು ನೋಡಿಕೊಂಡು, ನಳಿಗೆಯ ಬಾಯಿಗೆ ಭೂತಗನ್ನಡಿ ಹಿಡಿದ. "ನೋಡಿ, ಒಂದು ಅಂಚು ಸವೆದಿದೆ. ಗುಂಡು ಕೊನೇದಾಗಿ ಮುಟ್ಟಿ ಹೋಗೋ ಜಾಗ ಇದು, ಇಲ್ಲಿ ಓರೆಯಾದ್ರೆ ಗುಂಡೂ ಓರೆ. ತುಂಡಿನ ಸಲಾಕೆ ಜೋಡಣೆ ಹತ್ರ ಬಾಗುತ್ತೆ, ಹೋಗ್ತಾ ಬರ್ತಾ ಇಲ್ಲೇ ಉಜ್ಜುತ್ತೆ."

ಯಜಮಾನರು ಚೀಲದಿಂದ ಹಳೆಯ ಸಲಾಕೆ ತೆಗೆದು ಹೆಬ್ಬೆರಳಿನಿಂದ ಸವರಿದರು. "ತಿರುಪು ಬಿಟ್ರೆ ಇದು ಸವೆದೇ ಇಲ್ವಲ್ಲ."

"ಹೌದು. ಸವೆದದ್ದು ಅದಲ್ಲ."

ಅವರು ಭೂತಗನ್ನಡಿ ತಾವೇ ಇಸಿದುಕೊಂಡು ಆ ಅಂಚನ್ನು ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ, ಮಗಳೇ?"

"ಗೊತ್ತಿತ್ತು, ಮಾವ. ನಮ್ಮ ತರಬೇತಿಯವರು ಹೇಳಿದ್ರು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಚಾಪೆ ಹಾಸ್ಕೊಂಡು ಕಾಯ್ತಾ ಇರ್ತಿದ್ರಿ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಸಿಟ್ಟೇ ಸಲೀಸಾದ್ದರಿಂದ ಅದನ್ನೇ ಮಾಡಿದೆ. "ಒಬ್ಬರ ಮನಸ್ಸು ನೋಯಬಾರದು ಅಂತ ಇನ್ನೊಬ್ಬರು ಬಾಯಿಗೆ ಬೀಗ ಹಾಕ್ಕೊಳ್ಳಿ, ಬಂದೂಕು ಹಾಳಾಗಲಿ. ಚೆನ್ನಾಗಿದೆ ನಿಮ್ಮ ಸಂಸಾರ. ಏನಪ್ಪಾ, ಇದು ರಿಪೇರಿ ಆಗುತ್ತೋ ಇಲ್ವೋ?"

"ಆಗುತ್ತಮ್ಮ. ತುದೀನ ಒಂಚೂರು ಕತ್ತರಿಸಿ ಲೇತಲ್ಲಿ ಸಮ ಮಾಡ್ತೀನಿ. ಇನ್ಮೇಲೆ ಮಾತ್ರ ಹಿಂದೆ ತೋಟಾ ತುಂಬೋ ಕಡೆಯ ಬೋಲ್ಟು ತೆಗೆದು, ಆ ಕಡೆಯಿಂದ ಒಂದೇ ತುಂಡಿನ ಸಲಾಕೆ ಹಾಕಿ."

ಯಜಮಾನರು ಉದ್ದನೆಯದನ್ನು ತಾವೇ ಎತ್ತಿಕೊಂಡರು. ಚೀಲದಲ್ಲಿ ಹಿಡಿಯಲಿಲ್ಲ. ಭುಜಕ್ಕೆ ಆನಿಸಿಕೊಂಡು, ಮತ್ತೆ ಗೋದಾಮಿನ ಪಾಳಿಗೆ ಹೊರಟವರಂತೆ ಬೀದಿಯುದ್ದಕ್ಕೂ ನಡೆದರು.

ಮನೆಗೆ ಬಂದು ಸಲಾಕೆಯನ್ನು ಸೊಸೆಯ ಕೋಣೆಯಲ್ಲಿಟ್ಟರು. "ನೀನೇ ಒರೆಸ್ಕೋ, ಮಗಳೇ," ಅಂದರು. ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿದರು. ರೈಫಲ್ ರಿಪೇರಿಯಾಗಿ ಬಂತು, ಅಭ್ಯಾಸವೂ ನಡೆಯಿತು, ಇವರು ಅದರ ಕಡೆ ಕಣ್ಣೆತ್ತಿ ನೋಡಲಿಲ್ಲ. ನನ್ನ ಡಬ್ಬಿಗಳು ಮತ್ತೆ ಸಾಲು ನಿಂತವು. ಈ ಸಲ ನಾನು ಬೈಯಲಿಲ್ಲ, ಬೈಯುವಷ್ಟು ಗಟ್ಟಿ ಮನಸ್ಸು ನನಗಿರಲಿಲ್ಲ.

ಆಯ್ಕೆಯ ದಿನ ಸೊಸೆ ಸಂಜೆಗೆ ಬಂದಳು. ಬಾಗಿಲಲ್ಲೇ ತಡೆದೆ. "ಏನಾಯ್ತೇ?"

"ತಂಡಕ್ಕೆ ಸೇರಿಸ್ಕೊಂಡ್ರು, ಅತ್ತೆ," ಅಂದಳು. ಚಪ್ಪಲಿ ಬಿಟ್ಟು ಸೀದಾ ಮೂಲೆಗೆ ಹೋಗಿ ಚಾಪೆ ತಂದಳು. ಮಾವನ ಕಾಲ ಬಳಿ ಅದನ್ನು ಹಾಸಿ, ಬೋಲ್ಟು ತೆಗೆದ ರೈಫಲ್ಲಿನ ಹಿಂಬದಿ ಅವರ ಕಡೆಗೆ ಬರುವ ಹಾಗೆ ಇಟ್ಟು, ಪಕ್ಕದಲ್ಲಿ ಹೊಸ ಸಲಾಕೆ ಇಟ್ಟಳು.

"ಕೂತ್ಕೊಳ್ಳಿ, ಮಾವ. ಈ ಕಡೆಯಿಂದ."